ಮಾವನ ಬೈಕಿನ ಟಿಕ್‌ಟಿಕ್

ಆ ಬೈಕು ಮೊದಲ ಸಲ ನಮ್ಮ ಮನೆ ಮುಂದೆ ಬಂದು ನಿಂತಾಗ ನಾನು ನೋಡಲು ಹೊರಗೆ ಹೋಗಲಿಲ್ಲ. ನಡುಮನೆಯಲ್ಲಿ ಕೂತೇ ಕೇಳಿಸಿಕೊಂಡೆ. ಕೆಂಪು ಟ್ಯಾಂಕು, ಗಾಳಿ ಸೀಳಲೆಂದು ಮುಂದೆ ಕೂರಿಸಿದ ಚೂಪು ಮೂತಿ, ಬಗ್ಗಿ ಹಿಡಿಯಬೇಕಾದ ಹ್ಯಾಂಡಲ್ಲು, ಪಕ್ಕದಲ್ಲಿ ಬೆಂಕಿ ನಾಲಗೆಯ ಸ್ಟಿಕ್ಕರು, ಇವೆಲ್ಲ ಆಮೇಲೆ ನೋಡಿದ್ದು. ಮೊದಲು ಕಿವಿಗೆ ಬಿದ್ದದ್ದು ಟಿಕ್‌ಟಿಕ್‌ಟಿಕ್. ಹೊಲಿಗೆ ಮಿಷನ್ನನ್ನು ತಗಡಿನ ಡಬ್ಬದೊಳಗಿಟ್ಟು ಯಾರೋ ತುಳಿದ ಹಾಗೆ.

"ಸ್ಪೋರ್ಟ್ಸ್ ಬೈಕು ಕಣಕ್ಕಾ," ಅಂದ ಮಾವ, ನಮ್ಮಮ್ಮನಿಗೆ. "ಬೆಂಗ್ಳೂರಲ್ಲಿ ಒಬ್ಬ ಓಡಿಸ್ತಿದ್ದ. ನಾನ್ ತಗಂಡೆ."

"ಸೆಕೆಂಡ್ ಹ್ಯಾಂಡಾ?" ಅಂತ ಒಳಗಿನಿಂದಲೇ ಕೇಳಿದೆ.

"ನಿಂಗೆ ಅಂತ್ಲೇ ತಂದಿದ್ದು, ಬಂದ್ ನೋಡ್ಬಾರ್ದಾ?"

ನನಗೆ ಅಂತಲೇ. ಇಲ್ಲಿಂದಲೇ ಜಗಳ ಶುರು.

ಈ ಮಾವ ಅಂದರೆ ನಮ್ಮಮ್ಮನ ಕೊನೇ ತಮ್ಮ. ಕೆಜಿಎಫ್‌ನಲ್ಲಿ ಭೂಮಿಯೊಳಗೆ ಇಳಿಯುವ ಕೆಲಸ. ಕೋರಮಂಡಲ್ ಕಡೆಯ ಕ್ವಾರ್ಟರ್ಸಿನಲ್ಲಿ ಅಜ್ಜಿಯ ಜೊತೆ ಇದ್ದ. ನಾವು ಬಂಗಾರಪೇಟೆ ಪಕ್ಕದ ಹಳ್ಳಿಯವರು. ಅಪ್ಪ ತೀರಿಕೊಂಡ ಮೇಲೆ ಅಮ್ಮ, ನಾನು, ಒಂದಿಷ್ಟು ರಾಗಿ ಹೊಲ, ಹಾಲು ಕೊಡುವ ಎರಡು ಸೀಮೆಹಸು. ನಾನು ಬೆಳಗಿನ ಹಾಲು ಡೈರಿಗೆ ಹಾಕಿ, ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ರೈಲು ಹಿಡಿದು ಕೆಜಿಎಫ್ ಕಾಲೇಜಿಗೆ ಹೋಗುತ್ತಿದ್ದೆ. ಬಿ.ಎ. ಕೊನೇ ವರ್ಷ. ಮುಂದೆ ಅಲ್ಲೇ ಲಾ ಓದಬೇಕೆಂದಿದ್ದೆ.

ಅಕ್ಕನ ಮಗಳು ತಮ್ಮನಿಗೆ. ನಮ್ಮ ಕಡೆ ಇದು ಚರ್ಚೆಗೆ ಬರುವ ವಿಷಯವೇ ಅಲ್ಲ. ನಾನು ಹುಟ್ಟಿದಾಗಲೇ ಅಜ್ಜಿ ತೊಟ್ಟಿಲು ಹಿಡಿದು "ಇದು ನನ್ ಸೊಸೆ" ಅಂದಿದ್ದಳಂತೆ. ನಾನು ಪಿಯುಸಿಯಿಂದಲೂ ಬೇಡ ಅನ್ನುತ್ತಲೇ ಬಂದೆ. ಯಾರೂ ಬೈಯಲಿಲ್ಲ, ಹೊಡೆಯಲಿಲ್ಲ. ಕೇಳಿಸಿಕೊಳ್ಳಲೂ ಇಲ್ಲ. ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ನನ್ನ ಮಾತಿಗೆ ಎದುರಾಳಿಗಳು ನೀರು ಕುಡಿಯುತ್ತಿದ್ದರು. ಮನೆಯಲ್ಲಿ ನನ್ನ ಮಾತಿಗೆ ಅಮ್ಮ "ಸೊಪ್ಪು ಸೋಸು" ಅನ್ನುತ್ತಿದ್ದಳು. ಎದುರು ವಾದವೇ ಇಲ್ಲದ ಜಾಗದಲ್ಲಿ ಗೆಲ್ಲುವುದು ಹೇಗೆ? ಯುಗಾದಿ ಕಳೆದ ಮೇಲೆ ತಾಂಬೂಲ ಬದಲಾಯಿಸುವುದು ಅಂತ ಸಂಕ್ರಾಂತಿ ಹೊತ್ತಿಗೆ ತೀರ್ಮಾನವಾಗಿಯೇ ಹೋಯಿತು. ಆ ತೀರ್ಮಾನದ ಗುರುತಿಗೆ ಬಂದದ್ದು ಈ ಕೆಂಪು ಬೈಕು. ಅದರ ಹಿಂದೆ ಕೂರಿಸಿಕೊಂಡು ಮಾವ ನನ್ನನ್ನು ಕ್ವಾರ್ಟರ್ಸಿಗೆ ಕರೆದೊಯ್ಯಬೇಕು. ಅಲ್ಲಿಗೆ ನನ್ನ ಲಾ ಮುಗಿಯಿತು.

ಆದರೆ ಬೈಕು ತಂದ ಖುಷಿ ಮಾವನ ಮುಖದಲ್ಲಿ ಕಾಫಿ ಕುಡಿಯುವಷ್ಟು ಹೊತ್ತೂ ನಿಲ್ಲಲಿಲ್ಲ.

"ಈ ಸದ್ದೊಂದು ಐತೆ ನೋಡಕ್ಕಾ, ಪ್ರಾಣ ತಿಂತೈತೆ," ಅಂದ. "ಮುಂದೆ ಆ ಮೂತಿ ಐತಲ್ಲ, ಎಂಜಿನ್ ಸದ್ದನ್ನೆಲ್ಲ ಎತ್ತಿ ನೆಟ್ಟಗೆ ನನ್ ಮುಖಕ್ಕೇ ಒಡೀತೈತೆ. ಕೆಜಿಎಫಿಂದ ಇಲ್ಗಂಟ ಟಿಕ್ ಟಿಕ್ ಟಿಕ್. ಒಳ್ಗೆ ಏನೋ ಲೂಸ್ ಐತೆ. ಆ ನನ್ಮಗ ಮೋಸ ಮಾಡವ್ನೆ."

ಮಾವನಿಗೆ ಸದ್ದಿನ ವಿಷಯದಲ್ಲಿ ಬಹಳ ಗರ್ವ. ಅದಕ್ಕೆ ಕಾರಣವೂ ಇತ್ತು. ಗಣಿಯೊಳಗೆ ಕೆಲಸ ಶುರು ಮಾಡುವ ಮೊದಲು ತಲೆ ಮೇಲಿನ ಬಂಡೆಯನ್ನು ಉದ್ದ ಕಬ್ಬಿಣದ ಸರಳಿನಿಂದ ತಟ್ಟಿ ನೋಡಬೇಕು. ಗಟ್ಟಿ ಬಂಡೆ ಗಂಟೆಯ ಹಾಗೆ ನುಡಿಯುತ್ತದಂತೆ, ಬಿರುಕು ಬಿಟ್ಟದ್ದು ಒಡಕು ಮಡಕೆಯ ಹಾಗೆ. ಇನ್ನು ಯಾರೂ ತಟ್ಟದೆಯೇ ಬಂಡೆ ತಾನಾಗಿ ಟಿಕ್ ಟಿಕ್ ಅನ್ನತೊಡಗಿದರೆ ಹಿಡಿದ ಸಾಮಾನು ಬಿಸಾಡಿ ಓಡಬೇಕು, ಅದು ಸಿಡಿಯುವ ಮುನ್ಸೂಚನೆ. ತಟ್ಟುವ ಆ ಕೆಲಸ ಮಾವನದು. ಒಮ್ಮೆ ಅವನೊಬ್ಬನಿಗೇ ಆ ಸದ್ದು ಕೇಳಿಸಿ, ಬಾಯಿಬಡಿದುಕೊಂಡು ಗ್ಯಾಂಗಿನವರನ್ನೆಲ್ಲ ಆಚೆ ಅಟ್ಟಿ, ಆಮೇಲೆ ಆ ಜಾಗ ಕುಸಿದು ಕೂತಿತ್ತು. ಇದನ್ನು ಅಜ್ಜಿ ನಮ್ಮ ಮನೆಗೆ ಬಂದಾಗಲೆಲ್ಲ ಹೇಳುತ್ತಿದ್ದಳು. ನಾನು ಅಲ್ಲಗಳೆಯುವುದಿಲ್ಲ. ನಡೆದದ್ದು ನಿಜ.

ಆದರೆ ಬಂಡೆಯ ವಿಷಯದಲ್ಲಿ ಸರಿಯಾದವನು ಎಂಜಿನ್ನಿನ ವಿಷಯದಲ್ಲೂ ಸರಿ ಅನ್ನುವುದಕ್ಕೆ ರುಜುವಾತು ಎಲ್ಲಿ? ನಾನು ಹೊರಗೆ ಬಂದೆ.

"ಸ್ಟಾರ್ಟ್ ಮಾಡು ಮಾವ."

"ನೀನ್ಯಾಕೆ? ಓಗ್, ಒಳ್ಗೋಗು."

"ನಂಗೆ ಅಂತ್ಲೇ ತಂದಿದ್ದು ಅಂದ್ಯಲ್ಲ? ಸ್ಟಾರ್ಟ್ ಮಾಡು."

ಸಂಕ್ರಾಂತಿಗೆ ಬಂದು ನಮ್ಮಲ್ಲೇ ಉಳಿದಿದ್ದ ಅಜ್ಜಿ ಜಗಲಿಯ ಮೇಲೆ ಕಾಲು ಚಾಚಿ ಎಲೆಗೆ ಸುಣ್ಣ ಹಚ್ಚುತ್ತಿದ್ದಳು. "ಮಾಡ್ಲಾ, ಮಾಡು. ಕಟ್ಕೊಳೋಳು ಕೇಳ್ತಾವ್ಳೆ," ಅಂತ ನಕ್ಕಳು. ಮಾವ ಕಿಕ್ ಹೊಡೆದ.

ನನಗೆ ಇದೆಲ್ಲ ಎಲ್ಲಿಂದ ಬಂತು ಅಂದರೆ, ಅಪ್ಪನ ಪಂಪಿನಿಂದ. ಕರೆಂಟು ಕೈಕೊಟ್ಟಾಗಲೆಲ್ಲ ಅಪ್ಪ ಬಾವಿ ಪಕ್ಕದ ಹಳೇ ಡೀಸೆಲ್ ಎಂಜಿನ್ನನ್ನು ಎಬ್ಬಿಸುತ್ತಿದ್ದ. ಅವನಿಗೆ ಹತ್ತಿರದ್ದು ಕಣ್ಣಿಗೆ ಕಾಣುತ್ತಿರಲಿಲ್ಲ. ಕನ್ನಡಕ ಹಾಕಲು ಒಲ್ಲ. ಹಾಗಾಗಿ ಎಂಜಿನ್ನಿನ ತಲೆ ಬಿಚ್ಚಿ ವಾಲ್ವಿನ ಮೇಲಿನ ಸಂದು ಅಳೆಯುವ ಕೆಲಸ ನನ್ನ ಪಾಲಿಗೆ ಬಂತು. ತೆಳ್ಳನೆ ಉಕ್ಕಿನ ಎಲೆಗಳ ಪುಟ್ಟ ಬೀಸಣಿಗೆಯಂಥ ಒಂದು ಗೇಜು ಇತ್ತು. ಸರಿಯಾದ ಎಲೆ ಆ ಸಂದಿನಲ್ಲಿ ತುಸು ಹಿಡಿದು ಹಿಡಿದು ಜಾರಬೇಕು. ಸಂದು ಯಾಕೆ ಬೇಕು ಅಂತ ಕೇಳಿದ್ದೆ. ಅಪ್ಪ ಹೇಳಿದ್ದ: "ಬಿಸಿಯಾದ್ರೆ ಕಬ್ಬಿಣ ಬೆಳೀತೈತೆ ಕಣಮ್ಮ. ಬೆಳೆಯಕ್ಕೆ ಜಾಗ ಬಿಡ್ಲಿಲ್ಲ ಅಂದ್ರೆ ವಾಲ್ವು ಪೂರ್ತಿ ಮುಚ್ಚಲ್ಲ. ಬೆಂಕಿ ಸಂದಿಯಿಂದ ನುಗ್ಗಿ ಅದರ ಅಂಚು ತಿಂದಾಕ್ತೈತೆ." ಆ ಸಂದು ತೆರೆದು ಮುಚ್ಚುವಾಗಲೇ ಟಿಕ್ ಅನ್ನುವುದು. ನಮ್ಮ ಪಂಪೂ ಜೀವಮಾನವಿಡೀ ಟಿಕ್ ಅಂದೇ ನೀರೆತ್ತಿತ್ತು.

ಮಾವನ ಬೈಕಿನ ಮುಂದೆ ಕೂತು ನಾನು ಎದುರಾಳಿಯ ವಾದಗಳನ್ನು ಒಂದೊಂದಾಗಿ ಕೆಡವುವ ಹಾಗೆ ಶುರು ಮಾಡಿದೆ. ಕ್ಲಚ್ ಹಿಡಿಯಲು ಹೇಳಿದೆ. ಸದ್ದು ಬದಲಾಗಲಿಲ್ಲ, ಹಾಗಾದರೆ ಕ್ಲಚ್ಚಲ್ಲ. ಸೈಲೆನ್ಸರ್ ಪೈಪು ಎಂಜಿನ್ನಿಗೆ ಕೂಡುವ ಕಡೆ ಗಾಳಿ ಸೋರಿದರೂ ಟಿಕ್ ಅನ್ನುತ್ತದೆ, ಆದರೆ ಅಲ್ಲಿ ಮಸಿ ಕಾರಿರಬೇಕು. ಒದ್ದೆ ಬಟ್ಟೆ ಸುತ್ತಿ ನೋಡಿದೆ. ಗುಳ್ಳೆ ಏಳಲಿಲ್ಲ, ಮಸಿ ಇರಲಿಲ್ಲ, ಸದ್ದು ಹಾಗೇ ಇತ್ತು. ಉದ್ದ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿನ ಕೆಳಹೊಟ್ಟೆಗೆ ಒತ್ತಿ, ಹಿಡಿಯನ್ನು ಕಿವಿಗೆ ಕೊಟ್ಟೆ. ಕೆಳಗೆ ಬರೀ ಗುಂಯ್ ಅನ್ನುವ ಸುತ್ತು. ಸಿಲಿಂಡರಿನ ಪಕ್ಕ ಮಂಕು. ಮೇಲೆ, ತಲೆಯ ಮುಚ್ಚಳದ ಮೇಲೆ ಇಟ್ಟೆನೋ ಇಲ್ಲವೋ, ಕಿವಿಯೊಳಗೆ ಯಾರೋ ಚಿಟಿಕೆ ಹೊಡೆದ ಹಾಗಾಯಿತು. ಅದೂ ಹೊಗೆ ಹೋಗುವ ಕಡೆಯ ವಾಲ್ವಿನ ನೆತ್ತಿಯ ಮೇಲೆ.

"ಟ್ಯಾಪೆಟ್ಟು, ವಾಲ್ವಿನ ಸಂದು," ಅಂದೆ. "ಎಂಜಿನ್ ತಣ್ಣಗಾಗ್ಲಿ. ಅಳೆದು ಏಳ್ತೀನಿ."

ಊಟ ಆದ ಮೇಲೆ ಅಪ್ಪನ ಗೇಜು ತಂದು ಮುಚ್ಚಳ ಬಿಚ್ಚಿ ಅಳೆದೆ. ಸಂದು ಬೇಕಾದ್ದಕ್ಕಿಂತ ಕೂದಲೆಳೆಯಷ್ಟು ಹೆಚ್ಚಿತ್ತು. ಸರಿಮಾಡಿ ಮುಚ್ಚಿದೆ. ಸ್ಟಾರ್ಟ್ ಮಾಡಿದಾಗ ಸದ್ದು ಕಡಿಮೆಯಾಗಿತ್ತು, ಆದರೆ ಇತ್ತು. ಸಣ್ಣಗೆ, ಒಂದೇ ಸಮನಾಗಿ.

"ಇಷ್ಟಿರ್ಬೇಕು," ಅಂದೆ.

"ಇರ್ಬೇಕಾ? ಸದ್ದು ಇರ್ಬೇಕಾ?" ಮಾವ ಸೊಂಟದ ಮೇಲೆ ಕೈ ಇಟ್ಟ. "ಬಾವಿ ಪಂಪಿಗೂ ಸ್ಪೋರ್ಟ್ಸ್ ಬೈಕಿಗೂ ಒಂದೇ ಲೆಕ್ಕ ಆಕ್ತೀಯಲ್ಲೇ, ನಿಂಗ್ ತಲೆ ಐತಾ? ನಿಮ್ಮಪ್ಪನ ಪಂಪು ಟಿಕ್ ಟಿಕ್ ಅಂತಿತ್ತಲ್ಲ, ಏನಾಯ್ತು? ಜಾಮಾಗಿ ಇಡ್ಕಂಡು ಕುಂತ್ಕಂತು."

"ಅದು ಆಯಿಲ್ ಇಲ್ದೆ ಇಡ್ಕಂಡಿದ್ದು. ಅಪ್ಪ ಆಸ್ಪತ್ರೇಲಿದ್ದಾಗ ಪಂಪು ನೋಡ್ಕಂತೀನಿ ಅಂದೋನು ನೀನೇ."

ಅಮ್ಮ ಒಳಗಿನಿಂದ "ಸಾಕು ಬಿಡೇ" ಅಂದಳು. ಮಾವ ಸಾಕು ಮಾಡುವ ಹಾಗೆ ಕಾಣಲಿಲ್ಲ.

"ಆಂಡರ್ಸನ್‌ಪೇಟೇಲಿ ನನ್ ಮೆಕ್ಯಾನಿಕ್ ಅವ್ನೆ. ಒಂದ್ ಚೂರೂ ಸದ್ದಿಲ್ದಂಗೆ ಮಾಡಿಸ್ಕಂಡ್ ಬತ್ತೀನಿ. ಆಮ್ಯಾಕೆ ಮಾತಾಡು."

"ಮಾಡಿಸು. ಆಮ್ಯಾಕೆ ಆ ಎಂಜಿನ್ನು ತಾಂಬೂಲದ ದಿನದ್ ಗಂಟ ಬಾಳಲ್ಲ."

ಹೇಳಿದ ಮೇಲೆ ನನಗೇ ಹೊಳೆಯಿತು, ಇಷ್ಟು ವರ್ಷ ಸಿಗದ ಎದುರು ವಾದ ಈಗ ಸಿಕ್ಕಿದೆ ಅಂತ. ಮಾವ ನನ್ನ ಮಾತನ್ನು ಮೊದಲ ಸಲ ಮಾತು ಅಂತ ತಗೊಂಡಿದ್ದ.

"ಬಾಳಿದ್ರೆ?" ಅಂದ.

"ಬಾಳಿದ್ರೆ ತುಟಿ ಎರಡು ಮಾಡ್ದೆ ಮಣೆ ಮೇಲೆ ಕೂತ್ಕಂತೀನಿ. ಬಾಳ್ಲಿಲ್ಲ ಅಂದ್ರೆ, ಈ ಉಡ್ಗಿ ನಂಗೆ ಬ್ಯಾಡ ಅಂತ ನೀನೇ ಅಮ್ಮನಿಗೆ ಏಳ್ಬೇಕು. ಎಲ್ಲಾರ್ ಎದ್ರಿಗೂ."

ಇದರಲ್ಲೊಂದು ಲೆಕ್ಕಾಚಾರ ಇತ್ತು. ನಮ್ಮಲ್ಲಿ ಹುಡುಗಿ ಬೇಡ ಅಂದರೆ ಅದು ನಾಚಿಕೆ, ಇಲ್ಲವೇ ಕೊಬ್ಬು. ಆದರೆ ತಮ್ಮನಾದವನು ತನ್ನ ಹಕ್ಕನ್ನು ತಾನೇ ಬಿಟ್ಟುಕೊಟ್ಟರೆ ಮುಂದೆ ಯಾರೂ ಕೇಳುವ ಹಾಗಿಲ್ಲ. ಅಕ್ಕನೂ ಒತ್ತಾಯ ಮಾಡುವ ಹಾಗಿಲ್ಲ. ನನ್ನ 'ಇಲ್ಲ'ಕ್ಕೆ ಬೆಲೆ ಇಲ್ಲದಿದ್ದರೆ ಅವನ 'ಇಲ್ಲ'ವನ್ನೇ ಗೆದ್ದು ತರಬೇಕು.

ಅಜ್ಜಿ ಎಲೆ ಜಗಿಯುವುದನ್ನು ನಿಲ್ಲಿಸಿದಳು. "ಏನ್ರೋ ಇದು, ಮದ್ವೇನ ಗಾಡಿ ಮೇಲೆ ಇಡ್ತೀರಲ್ಲ!"

"ಇರ್ಲಿ ಬಿಡಮ್ಮ," ಅಂದ ಮಾವ. "ಇವ್ಳ ಬಾಯಿ ಒಂದೇ ಕಿತ ಮುಚ್ಚೋಗ್ಲಿ. ನನ್ ಮಾತು ಅಂದ್ರೆ ಮಾತು."

ಮುಂದಿನ ಭಾನುವಾರ ಬೈಕು ಬಂದದ್ದು ನನಗೆ ಗೊತ್ತೇ ಆಗಲಿಲ್ಲ. ಹಸುವಿಗೆ ಬೂಸಾ ಕಲಸುತ್ತಿದ್ದೆ. ತಲೆಯೆತ್ತಿದರೆ ಅಂಗಳದಲ್ಲಿ ನಿಂತಿದೆ. ಮಾವನ ಹಿಂದೆ ಆಂಡರ್ಸನ್‌ಪೇಟೆಯ ಮೆಕ್ಯಾನಿಕ್ಕೂ ಇದ್ದ, ಸಾಕ್ಷಿಗೆ. ಸಣಕಲು ಆಳು, ಎಣ್ಣೆ ಹಚ್ಚಿ ಬಾಚಿದ ಕ್ರಾಪು. ಅರ್ಧ ತಮಿಳು ಅರ್ಧ ಕನ್ನಡ.

"ಪಾರು ಮಾ, ನೋಡಿ," ಅಂದ ನನಗೆ, "ಸೌಂಡೇ ಇಲ್ಲೆ. ಪೂನೈ ಮಾದಿರಿ. ಬೆಕ್ಕಿನ ತರ."

ಸದ್ದು ನಿಜಕ್ಕೂ ಇರಲಿಲ್ಲ. ಸ್ಕ್ರೂಡ್ರೈವರ್ ಇಟ್ಟು ಕೇಳಿದರೂ ತಲೆಯಲ್ಲಿ ಬರೀ ಮೆತ್ತನೆ ಉಸಿರು. ಮಾವ ನನ್ನ ಮುಖವನ್ನೇ ನೋಡುತ್ತಿದ್ದ.

"ಎಂಗೆ? ಮಾತಾಡಮ್ಮ, ಡಿಬೇಟ್ ಕಪ್ಪು ಗೆದ್ದೋಳೆ. ನಾಲ್ಗೆ ಎಲ್ಲೋಯ್ತು?"

"ಟ್ಯಾಪೆಟ್ ಟೈಟ್ ಮಾಡಿದೀರ," ಅಂದೆ ಮೆಕ್ಯಾನಿಕ್ಕಿಗೆ.

ಅವನು ನಕ್ಕು ಬೈಕಿನ ಟ್ಯಾಂಕು ಒರೆಸಿದ.

ಆ ದಿನ ಅಮ್ಮ ಒಬ್ಬಟ್ಟು ಮಾಡಿ ಇಬ್ಬರಿಗೂ ಬಡಿಸಿದಳು. ನಾನು ಕೊಟ್ಟಿಗೆಯಲ್ಲೇ ಉಳಿದೆ. ನಿಜ ಹೇಳುತ್ತೇನೆ, ನನಗೆ ಭಯವಾಗಿತ್ತು. ನಾನು ಕಣ್ಣಾರೆ ಯಾವ ವಾಲ್ವೂ ಸುಟ್ಟಿದ್ದನ್ನು ನೋಡಿರಲಿಲ್ಲ. ಅಪ್ಪ ಹೇಳಿದ್ದ, ಅಷ್ಟೆ. ಕೇಳಿದ ಮಾತು ಸಾಕ್ಷ್ಯವಲ್ಲ ಅಂತ ವೇದಿಕೆ ಮೇಲೆ ಎಷ್ಟು ಜನರ ಬಾಯಿ ಮುಚ್ಚಿಸಿದ್ದೆನೋ, ಅದೇ ಕೇಳಿದ ಮಾತಿನ ಮೇಲೆ ಈಗ ನನ್ನ ಓದನ್ನೆಲ್ಲ ಇಟ್ಟಿದ್ದೆ. ಅಪ್ಪನನ್ನು ಮತ್ತೊಮ್ಮೆ ಕೇಳೋಣ ಅಂದರೆ ಅಪ್ಪ ಇಲ್ಲ.

ಅಮ್ಮ ಹಾಲು ಕರೆಯಲು ಬಂದಳು. ಹಸುವಿನ ಪಕ್ಕ ಕೂತು, ನನ್ನ ಕಡೆ ನೋಡದೆ ಅಂದಳು: "ಅವ್ನ ಬಿಟ್ರೆ ನಮ್ಗೆ ಗಂಡು ದಿಕ್ಕು ಯಾರೇ? ಗೆದ್ದು ಏನ್ ಮಾಡ್ತೀಯ?"

"ಓದ್ತೀನಿ."

"ಓದಿ?"

"ನಿನ್ ದಿಕ್ಕು ನಾನೇ ಆಗ್ತೀನಿ."

"ಆಗ್ತೀಯ ಬಿಡು," ಅಂದಳು ಅಮ್ಮ. ನಂಬಿದ ದನಿಯಲ್ಲ ಅದು. ಹಸು ಒದೆಯದ ಹಾಗೆ ಸಮಾಧಾನ ಮಾಡುವ ದನಿ.

ಆಮೇಲೆ ನಾನು ಪ್ರತಿ ಭಾನುವಾರ ಆ ಬೈಕನ್ನು ಜ್ವರದ ಮಗುವನ್ನು ನೋಡುವ ಹಾಗೆ ನೋಡಿದೆ, ಅದು ಸಾಯಲಿ ಅಂತ ಹಾರೈಸುತ್ತಾ. ಮೊದಲೆರಡು ವಾರ ಏನೂ ಆಗಲಿಲ್ಲ. ಮಾವ ಅಂಗಳಕ್ಕೆ ಬಂದು ಎಂಜಿನ್ ಆರಿಸದೆ ಸುಮ್ಮನೆ ನಿಲ್ಲಿಸಿ, ಕಿವಿಗೆ ಕೈ ಆನಿಸಿ, "ಏನಾದ್ರೂ ಕೇಳ್ತೈತಾ?" ಅನ್ನುತ್ತಿದ್ದ. ಅಜ್ಜಿಯೂ ಕಿವಿಗೆ ಕೈ ಇಟ್ಟು ನಗುತ್ತಿದ್ದಳು.

ಶಿವರಾತ್ರಿ ಆದ ಮೇಲೊಂದು ಭಾನುವಾರ ಬೈಕು ನಿಂತಲ್ಲೇ ಕುಂಟತೊಡಗಿತು. ಡುಗ್ ಡುಗ್, ಸ್ವಲ್ಪ ತಡೆದು ಡುಗ್. ಆಮೇಲೆ ಆರಿಹೋಯಿತು. ಬಿಸಿಯಿದ್ದಾಗ ಮತ್ತೆ ಹೊತ್ತಿಕೊಳ್ಳಲು ಮೊಂಡುತನ ಮಾಡಿತು.

"ಬಿಸೀಲಿ ಯಾಕ್ ಸ್ಟಾರ್ಟ್ ಆಗ್ತಿಲ್ಲ?" ಅಂದೆ.

"ಪೆಟ್ರೋಲ್ ಸರಿಯಿಲ್ಲ. ಸೀಮೆಎಣ್ಣೆ ಬೆರ್ಸವ್ರೆ."

"ಹಂಗಾದ್ರೆ ತಣ್ಣಗಿದ್ದಾಗ್ಲೂ ಆಗ್ಬಾರ್ದಲ್ಲ? ಸೀಮೆಎಣ್ಣೆ ಬೆಳಿಗ್ಗೆ ಒಂಥರ, ಮಧ್ಯಾಹ್ನ ಒಂಥರ ಇರ್ತೈತಾ?"

"ಪ್ಲಗ್ ಓಗಿರ್ಬೇಕು."

ಮುಂದಿನ ವಾರ ಹೊಸ ಪ್ಲಗ್ ಹಾಕಿಸಿ ಬಂದ. ಕುಂಟು ಹಾಗೇ ಇತ್ತು. ಆಗ ಕಾರ್ಬುರೇಟರ್ ಅಂದ. ಅದನ್ನೂ ತೊಳೆಸಿದ. ಸೈಲೆನ್ಸರಿನ ಬಾಯಲ್ಲಿ ಪಟ್ ಪಟ್ ಅಂತ ಸಿಡಿಯತೊಡಗಿತು. ಎಂಜಿನ್ನಿಗೆ ಸೇರುವ ಕಡೆ ಪೈಪು ನವಿಲಿನ ಕತ್ತಿನ ಹಾಗೆ ನೀಲಿಗಟ್ಟಿತ್ತು. ಬಂಗಾರಪೇಟೆ ಕಡೆಯ ಏರು ಹತ್ತುವಾಗ ಸ್ಪೋರ್ಟ್ಸ್ ಬೈಕನ್ನು ಹಾಲಿನ ಕ್ಯಾನು ಕಟ್ಟಿದ ಮೊಪೆಡ್ಡು ಹಿಂದೆ ಹಾಕಿತು ಅಂತ ಡೈರಿಯಲ್ಲಿ ಯಾರೋ ನಕ್ಕರು. ನಾನು ಅದನ್ನು ಮನೆಗೆ ಬಂದು ಜೋರಾಗಿ ಹೇಳಿದೆ.

ಒಂದು ಸಲ ಮಾತ್ರ ಜಗಳ ಬೇರೆ ದಿಕ್ಕಿಗೆ ಹೋಯಿತು. ಮಾವ ಬೆವರೊರೆಸುತ್ತಾ ಕಿಕ್ ಹೊಡೆದೂ ಹೊಡೆದೂ ಸೋತು ಜಗಲಿಯಲ್ಲಿ ಕೂತಿದ್ದ. ನಾನು ನೇರವಾಗಿ ಕೇಳಿದೆ:

"ಸಂದು ಬಿಡ್ಸು ಮಾವ. ಈಗ್ಲೂ ವಾಲ್ವು ಉಳ್ಕಂಬೋದು. ಒಂಚೂರು ಟಿಕ್ ಅಂದ್ರೆ ನಿಂಗೇನು ಕಷ್ಟ?"

ಹೌದು, ಹೇಳಿದೆ. ಅವನು ಒಪ್ಪಿ ಬಿಡಿಸಿದ್ದರೆ ನಾನು ಸೋಲುತ್ತಿದ್ದೆ. ಆದರೂ ಸುಟ್ಟುಹೋಗುತ್ತಿರುವ ಎಂಜಿನ್ನನ್ನು ನೋಡುತ್ತಾ ಸುಮ್ಮನಿರುವುದು ನನ್ನಿಂದ ಆಗಲಿಲ್ಲ. ಅಪ್ಪ ಕಲಿಸಿದ ಕೈ.

ಮಾವ ನೆಲ ನೋಡಿಕೊಂಡು ಅಂದ: "ನೀನು ಒಳ್ಗೆ ಇಳ್ದಿಲ್ಲ. ಅಲ್ಲಿ ಟಿಕ್ ಅಂದ್ ಮ್ಯಾಲೆ ಓಡ್ಬೇಕು. ಯಾಕೆ, ಏನು ಅಂತ ಕೇಳ್ಕಂಡು ನಿಂತೋರು ಈಚೆಗೆ ಬಂದಿಲ್ಲ. ಆ ಸದ್ದಿನ ಮ್ಯಾಲೆ ಕುಂತ್ಕಂಡು ಸವಾರಿ ಮಾಡು ಅಂತೀಯ. ನಂಗಾಗಲ್ಲ."

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಕರಗುತ್ತಿದ್ದರೇನೋ. ನನಗೆ ಅರ್ಥವಾಯಿತು. ಅರ್ಥವಾಗುವುದು ಬೇರೆ, ಒಪ್ಪುವುದು ಬೇರೆ. ಭಯಕ್ಕೆ ಕಾರಣ ಇದ್ದ ಮಾತ್ರಕ್ಕೆ ಭಯ ವಾದವಾಗುವುದಿಲ್ಲ.

"ಬಂಡೇನ ಯಾರೂ ಸಂದು ಬಿಟ್ಟು ಜೋಡ್ಸಿಲ್ಲ ಮಾವ," ಅಂದೆ. "ಎಂಜಿನ್ನ ಜೋಡ್ಸವ್ರೆ. ಅಲ್ಲಿ ಸದ್ದು ಬಂದ್ರೆ ಅಪಾಯ. ಇಲ್ಲಿ ಸದ್ದು ನಿಂತ್ರೆ ಅಪಾಯ. ನಿನ್ ಕಿವಿ ಸರೀಗೈತೆ. ಜಾಗ ತಪ್ಪು."

ಮಾವ ಎದ್ದು ನಿಂತ. ಮುಖ ಗಂಟಾಗಿತ್ತು. "ಓಗೇ, ಕಂಡಿದೀನಿ. ನಿಂಗೆ ಎಲ್ಲಾದ್ರಲ್ಲೂ ಗೆಲ್ಬೇಕು, ಅಷ್ಟೆ," ಅಂದ. ಕಿಕ್ ಹೊಡೆದ. ಈ ಸಲ ಹೊತ್ತಿಕೊಂಡಿತು. ಹಾಳಾದ್ದು.

ಯುಗಾದಿ ಬಂತು, ಹೋಯಿತು. ಬೈಕು ಸತ್ತಿರಲಿಲ್ಲ. ತಾಂಬೂಲದ ಹಿಂದಿನ ದಿನ ನಾನು ಕಾಲೇಜು ಮುಗಿಸಿ ಮಾರಿಕುಪ್ಪಂನಿಂದ ಬರುವ ರೈಲಿನಲ್ಲಿ ಕೂತು, ಲಾ ಕಾಲೇಜಿನ ಕಟ್ಟಡದ ಕಡೆ ನೋಡಲಿಲ್ಲ.

ಬೆಳಿಗ್ಗೆ ಅಂಗಳ ತುಂಬ ಜನ. ಅಜ್ಜಿ, ಅಕ್ಕಪಕ್ಕದ ಕ್ವಾರ್ಟರ್ಸಿನವರು ಹೂವು, ಹಣ್ಣು, ಸೀರೆಯ ತಟ್ಟೆಗಳನ್ನು ಹೊತ್ತು ರೈಲಿನಲ್ಲಿ ಬಂದಿಳಿದರು. ಮಾವ ಮಾತ್ರ ಬೈಕಿನಲ್ಲೇ ಬರುತ್ತೇನೆಂದು ಹಠ ಹಿಡಿದಿದ್ದನಂತೆ. ಪಂತ ಇತ್ತಲ್ಲ. "ನಮ್ಗಿಂತ ಮುಂಚೇನೇ ಒಂಟ," ಅಂದಳು ಅಜ್ಜಿ, ಬಾಗಿಲ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡಿ.

ನನಗೆ ರೇಷ್ಮೆ ಸೀರೆ ಉಡಿಸಿ ಕೂರಿಸಿದ್ದರು. ಪುರೋಹಿತರು ಬಂದರು. ಎಲೆ ಅಡಿಕೆ ಜೋಡಿಸಿದರು. ಮಾವ ಇಲ್ಲ. ಮಜ್ಜಿಗೆ ಕೊಟ್ಟರು. ಇಲ್ಲ. ನಾನು ಕಿವಿಯನ್ನು ರಸ್ತೆಗೆ ಕೊಟ್ಟು ಕೂತಿದ್ದೆ. ಸದ್ದೇ ಇಲ್ಲದ ಎಂಜಿನ್ನು ಬರುತ್ತಿದೆಯೋ ಇಲ್ಲವೋ ಅಂತ ಕಿವಿಗೆ ಹೇಗೆ ತಿಳಿಯಬೇಕು?

ಆಮೇಲೆ ಊರ ಮುಂದಿನ ಹುಣಸೇಮರದ ಹತ್ತಿರ ನಾಯಿಗಳು ಬೊಗಳಿದವು. ಎಲ್ಲರೂ ಹೊರಗೆ ಹೋದರು. ನಾನೂ ಹೋದೆ, ಕೂತಿರು ಅಂದರೂ.

ಮಾವ ಬೈಕು ತಳ್ಳಿಕೊಂಡು ಬರುತ್ತಿದ್ದ. ಬಿಳೀ ಪಂಚೆಯ ಅಂಚಿಗೆ ಮಸಿ. ಶಲ್ಯವನ್ನು ಹ್ಯಾಂಡಲ್ಲಿಗೆ ಸುತ್ತಿದ್ದ. ಅಂಗಿ ಬೆನ್ನಿಗೆ ಅಂಟಿತ್ತು. ಕೆಂಪು ಮೂತಿಯ ಆ ಬೈಕು ಸಂತೆಗೆ ಹೊರಟ ಹೋರಿಯ ಹಾಗೆ ಅವನ ಪಕ್ಕ ನಡೆದು ಬಂತು.

"ಏನಪ್ಪಾ, ಪೆಟ್ರೋಲ್ ಖಾಲೀನಾ?" ಅಂದರು ಯಾರೋ.

"ಊಂ," ಅಂದ ಮಾವ.

ಅದನ್ನು ನಾನು ಬಿಡುವ ಹಾಗಿರಲಿಲ್ಲ. ಟ್ಯಾಂಕಿನ ಪಕ್ಕ ಹೋಗಿ ಅಲ್ಲಾಡಿಸಿದೆ. ಒಳಗೆ ಪೆಟ್ರೋಲು ಧಾರಾಳವಾಗಿ ತುಳುಕಿತು. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಕಿಕ್ಕರಿನ ಮೇಲೆ ಕಾಲಿಟ್ಟು ತುಳಿದೆ. ಗಟ್ಟಿ ಎಂಜಿನ್ನಿನ ಕಿಕ್ಕರು ಕಾಲನ್ನು ಹಿಂದಕ್ಕೆ ತಳ್ಳುತ್ತದೆ, ಜಗಳಕ್ಕೆ ಬರುತ್ತದೆ. ಇದು ಕೆಸರಿನಲ್ಲಿ ಕಾಲು ಇಳಿದ ಹಾಗೆ ಸಲೀಸಾಗಿ ಕೆಳಗೆ ಹೋಯಿತು. ಸೈಲೆನ್ಸರಿನಿಂದ ಪುಸ್ ಅಂದಿತು. ಮತ್ತೆ ತುಳಿದೆ. ಪುಸ್.

"ಕಂಪ್ರೆಷನ್ ಇಲ್ಲ, ಒಳ್ಗೆ ಗಾಳಿ ನಿಲ್ತಿಲ್ಲ," ಅಂದೆ, ಎಲ್ಲರಿಗೂ ಕೇಳುವ ಹಾಗೆ. "ಒಗೆ ಓಗೋ ವಾಲ್ವು ಸುಟ್ಟೋಗೈತೆ."

ಅಲ್ಲಿ ನಿಂತವರಲ್ಲಿ ಈ ಮಾತಿನ ಅರ್ಥ ಗೊತ್ತಿದ್ದದ್ದು ಅಜ್ಜಿಗೆ, ಅಮ್ಮನಿಗೆ, ಮಾವನಿಗೆ. ಮಾವ ನನ್ನನ್ನು ನೋಡಿದ. ಒಂದು ಗಳಿಗೆ ಅವನು ಮಾತಿಗೆ ತಪ್ಪುತ್ತಾನೆ ಅಂದುಕೊಂಡೆ. ತಪ್ಪಲಿಲ್ಲ. ಆದರೆ ಮಾತನ್ನು ಹೇಗೆ ಉಳಿಸಿಕೊಂಡ ನೋಡಿ.

"ಅಕ್ಕಾ," ಅಂದ ಅಮ್ಮನಿಗೆ, ಬೀದಿಗೆಲ್ಲ ಕೇಳುವ ಹಾಗೆ, "ಈ ಉಡ್ಗಿ ನಂಗೆ ಬ್ಯಾಡ. ಶಾಸ್ತ್ರದ ದಿನ ಸೀರೆ ಎತ್ಕಟ್ಟಿ, ಜನದ್ ಮುಂದೆ ಗಂಡಸ್ರ ಗಾಡಿ ಒದೀತಾಳೆ. ಇಂಥ ಬಾಯ್ಬಡುಕೀನ ಕಟ್ಕಂಡು ನಾನ್ ಏನ್ ಸುಖ ಪಡ್ಲಿ? ನನ್ ಹಕ್ಕು ನಾನ್ ಬಿಟ್ಟೆ."

ನಾನು ಬರೆದುಕೊಟ್ಟ ವಾಕ್ಯವನ್ನೇ ಹೇಳಿದ. ಕಾರಣವನ್ನು ಮಾತ್ರ ಬದಲಾಯಿಸಿದ. ವಾಲ್ವಿನ ಸುದ್ದಿಯೇ ಇಲ್ಲ. ಪಂತ ಗೆದ್ದದ್ದು ನಾನು, ಊರಿಗೆ ತಿಳಿದದ್ದು ಮಾವ ಬೇಡ ಅಂದ ಹುಡುಗಿ ಅಂತ. ತಟ್ಟೆಗಳು ಬಂದ ಹಾಗೇ ರೈಲಿಗೆ ವಾಪಸಾದವು. ಅಮ್ಮ ಸೊಪ್ಪು ಸೋಸು ಅಂತಲೂ ಅನ್ನದೆ ಬಹಳ ದಿನ ನನ್ನ ಜೊತೆ ಮಾತು ಬಿಟ್ಟಳು.

ನನಗೆ ಒಂದು ವಿಷಯ ಖಚಿತವಾಗಬೇಕಿತ್ತು. ಕಾಲೇಜು ಮುಗಿಸಿ ಆಂಡರ್ಸನ್‌ಪೇಟೆಗೆ ನಡೆದು ಆ ಮೆಕ್ಯಾನಿಕ್ಕಿನ ಅಂಗಡಿಗೆ ಹೋದೆ. ಬೈಕಿನ ತಲೆ ಬಿಚ್ಚಿಟ್ಟಿದ್ದ. ಕೇಳುವ ಮೊದಲೇ ವಾಲ್ವು ತೆಗೆದು ನನ್ನ ಅಂಗೈಗೆ ಹಾಕಿದ. ದುಂಡನೆ ಅಂಚಿನಲ್ಲಿ ಒಂದು ಕಡೆ, ಬಿಸ್ಕತ್ತನ್ನು ಹಲ್ಲಿನಿಂದ ಕಚ್ಚಿ ತೆಗೆದ ಹಾಗೆ, ಹೋಗಿತ್ತು. ಅಪ್ಪ ಹೇಳಿದ್ದು ಅಕ್ಷರಶಃ ನಿಜ. ನನಗೆ ಖುಷಿಯಾಗಬೇಕಿತ್ತು. ಸಿಟ್ಟು ಬಂತು.

"ಟೈಟ್ ಮಾಡಿದ್ರೆ ಹಿಂಗಾಗುತ್ತೆ ಅಂತ ನಿಮಗೆ ಗೊತ್ತಿತ್ತಾ?"

"ಗೊತ್ತು ಮಾ."

"ಮತ್ತೆ?"

"ಕಸ್ಟಮರ್ ಸೌಂಡ್ ಬೇಡ ಅಂದ್ರು. ನಾನ್ ಎನ್ನ ಮಾ ಮಾಡ್ಲಿ? ಬೆಂಗ್ಳೂರ್ ಗಾಡಿ ಟಿಕ್ ಟಿಕ್ ಅಂತ ಬರುತ್ತೆ. ಮೈನ್ಸ್ ಆಳು ತಗೊಂಡ್ರೆ ಫಸ್ಟ್ ಕೆಲ್ಸ, ಸೌಂಡ್ ತೆಗಿ. ಏಳಿದ್ರೆ ಜಗಳಕ್ಕೆ ಬರ್ತಾರೆ. ಅವರಿಗೆ ಆ ಸೌಂಡ್ ಆಗಲ್ಲ ಮಾ. ನೀವೇ ಯಾರಾದ್ರೂ ಒಬ್ರಿಗೆ ಏಳಿ ನೋಡಿ."

"ಹೇಳಿದೀನಿ," ಅಂದೆ. "ನೀವು ಒಂದು ಸಲ ಹೇಳಿದ್ದಿದ್ರೆ ಅವನು ಕೇಳ್ತಿದ್ದ. ನೀವು ಗಂಡಸ್ರು."

ಅವನು ಸ್ಪ್ಯಾನರು ಹುಡುಕುವವನ ಹಾಗೆ ಆಚೆ ತಿರುಗಿದ.

ಈಗ ನಾನು ಲಾ ಎರಡನೇ ವರ್ಷ. ಅದೇ ರೈಲು, ಅದೇ ಹಾಲಿನ ಕ್ಯಾನು. ಅಮ್ಮ ಮಾತಾಡುತ್ತಾಳೆ, ಸೊಪ್ಪು ಸೋಸಿಸುತ್ತಾಳೆ. ಮಾವನಿಗೆ ಮುಳಬಾಗಿಲು ಕಡೆಯ ಹೆಣ್ಣು ಸಿಕ್ಕಿತು. ಬೈಕಿಗೆ ಹೊಸ ವಾಲ್ವು ಬಿತ್ತು. ಹೆಂಡತಿಯ ಕಡೆಯವರು ಬೈಕು ಯಾಕೆ ಕೆಟ್ಟಿತ್ತು ಅಂತ ಕೇಳಿದಾಗ ಅವನು ಈಗಲೂ ಹೇಳುವುದು ಪೆಟ್ರೋಲಿನಲ್ಲಿ ಸೀಮೆಎಣ್ಣೆ ಇತ್ತು ಅಂತ. ನಾನು ಎದುರಿಗಿದ್ದರೂ ಹೇಳುತ್ತಾನೆ.

ಹೋದ ಗೌರಿ ಹಬ್ಬಕ್ಕೆ ಅಮ್ಮನಿಗೆ ತವರಿನ ಸೀರೆ, ಹಣ್ಣು ಕೊಡಲು ಮಾವ ಬಂದ. ನಾನು ಜಗಲಿಯಲ್ಲಿ ಪುಸ್ತಕ ಇಟ್ಟುಕೊಂಡು ಕೂತಿದ್ದೆ. ಹುಣಸೇಮರದ ತಿರುವಿನಲ್ಲಿ ಬೈಕು ನಿಧಾನಿಸಿತು, ಆಗ ಕೇಳಿಸಿತು. ಟಿಕ್‌ಟಿಕ್‌ಟಿಕ್. ಸಣ್ಣಗೆ, ಒಂದೇ ಸಮನಾಗಿ, ಎಷ್ಟಿರಬೇಕೋ ಅಷ್ಟೇ. ನಾನು ಪುಸ್ತಕದಿಂದ ತಲೆ ಎತ್ತಿದೆ. ಅವನು ನನ್ನನ್ನು ಕಂಡ. ಕಂಡದ್ದೇ ಆಕ್ಸಿಲರೇಟರ್ ತಿರುವಿದ. ಎಂಜಿನ್ನು ಕಿರುಚಿತು. ಹಾಗೆ ಕಿರುಚಿಸುತ್ತಲೇ ಅಂಗಳಕ್ಕೆ ಬಂದು, ಕಿರುಚುತ್ತಿದ್ದಂತೆಯೇ ಕೀಲಿ ತಿರುವಿ ಆರಿಸಿದ.

ಅಮ್ಮ ಕೈಯೊರೆಸಿಕೊಂಡು ಹೊರಗೆ ಬಂದಳು. "ಯಾಕ್ಲಾ ಅಂಗೆ ಅರಚಿಸ್ತೀಯ? ಅಸು ಬೆದರ್ತಾವೆ."

"ಸೈಲೆನ್ಸರಲ್ಲಿ ಕಾರ್ಬನ್ ಕೂತೈತಕ್ಕಾ. ಓಗ್ಲಿ ಅಂತ."

"ಕಾರ್ಬನ್ ಓಗ್ಬೇಕಾದ್ರೆ ರೋಡಲ್ಲಿ ತಿರುವ್ಬೇಕು ಮಾವ," ಅಂದೆ. "ಮನೆ ಬಾಗಿಲಲ್ಲಲ್ಲ."

ಅವನು ಸೀರೆ, ಹಣ್ಣಿನ ಚೀಲ ಎತ್ತಿಕೊಂಡು ಒಳಗೆ ಹೋದ.